ಅಲೈನ್‌ಮೆಂಟ್ ಮಾಡಿಸಿದರೂ ಗಾಡಿ ಎಳೆಯುತ್ತಿದೆಯಾ? ಟ್ರಾಲಿ ಚಕ್ರದಿಂದ ಲಾರಿ ಆಕ್ಸಲ್‌ವರೆಗೆ ದೋಷ ಹುಡುಕುವ ಬಗೆ

"ಮೊನ್ನೆ ತಾನೇ ಅಲೈನ್‌ಮೆಂಟ್ ಮಾಡಿಸಿದೆ. ಆದರೂ ಗಾಡಿ ಎಡಕ್ಕೆ ಎಳೆಯುತ್ತಿದೆ." ಗ್ಯಾರೇಜಿನಲ್ಲಿ ದಿನವೂ ಕೇಳಿಬರುವ ದೂರು ಇದು. ಇದಕ್ಕೆ ಸಿಗುವ ಉತ್ತರವೂ ಮಾಮೂಲಿ: ಇನ್ನೊಂದು ಸಲ ಮಾಡಿಸಿ ನೋಡಿ. ಕಾರಣ ಟೈರಿನಲ್ಲೋ, ಬ್ರೇಕಿನಲ್ಲೋ, ಜೋಡಣೆಯ ಹರಿದ ರಬ್ಬರ್ ಬುಷ್‌ನಲ್ಲೋ ಇದ್ದರೆ ಮೆಷಿನ್ ಮೇಲೆ ಎಷ್ಟು ಸಲ ಹತ್ತಿಸಿದರೂ ದುಡ್ಡು ದಂಡ. ಅಲೈನ್‌ಮೆಂಟ್ ಅಂದರೆ ಮೆಷಿನ್ ಮೇಲೆ ಚಕ್ರಗಳ ಕೋನ ಅಳೆದು ತಿದ್ದುವುದು. ಅದು ತಪಾಸಣೆಯ ಕೊನೆಯ ಹೆಜ್ಜೆ. ಅದಕ್ಕೆ ಮುಂಚೆ ನೋಡಬೇಕಾದ್ದು ಬೇಕಾದಷ್ಟಿದೆ, ಬಹುಪಾಲು ಮನೆಯಂಗಳದಲ್ಲೇ ನೋಡಬಹುದು.

ಆದರೆ ಕಾರಿನಿಂದ ಶುರು ಮಾಡುವುದು ಬೇಡ. ಕಾರಿನ ಚಕ್ರ ಯಾಕೆ ನೇರ ಓಡುತ್ತದೆ ಅನ್ನುವುದು ಕಾರಿನಲ್ಲಿ ಕಣ್ಣಿಗೆ ಕಾಣಿಸುವುದಿಲ್ಲ. ಫ್ಯಾಕ್ಟರಿ ಟ್ರಾಲಿಯಲ್ಲಿ ಕಾಣಿಸುತ್ತದೆ.

ಟ್ರಾಲಿಯ ಕೆಳಗೆ ಬಗ್ಗಿ ನೋಡಿ

ಪೀಣ್ಯದ ಯಾವುದೇ ಮೆಷಿನ್ ಶಾಪಿನಲ್ಲಿ ಕಬ್ಬಿಣದ ಬಿಡಿಭಾಗ ಸಾಗಿಸುವ ಟ್ರಾಲಿ ಇರುತ್ತದೆ. ಹಿಂದೆ ಎರಡು ತಿರುಗದ ಚಕ್ರ, ಮುಂದೆ ಎರಡು ಸುತ್ತಲೂ ತಿರುಗುವ ಕ್ಯಾಸ್ಟರ್ ಚಕ್ರ. ತಿರುಗುವ ಚಕ್ರವನ್ನು ಗಮನಿಸಿ. ಮೇಲಿನ ತಿರುಗುಗೂಟ ಒಂದು ಕಡೆ, ಚಕ್ರ ನೆಲ ಮುಟ್ಟುವ ಜಾಗ ಇನ್ನೊಂದು ಕಡೆ. ಎರಡೂ ಒಂದೇ ಗೆರೆಯಲ್ಲಿ ಇರುವುದಿಲ್ಲ. ಟ್ರಾಲಿ ತಳ್ಳಿದಾಗ ಗೂಟ ಮುಂದೆ ಹೋಗುತ್ತದೆ, ಚಕ್ರ ಅದರ ಹಿಂದೆ ಎಳೆಸಿಕೊಂಡು ಬರುತ್ತದೆ. ಹಾಗೆ ಹಿಂದೆ ಬರುವುದರಿಂದಲೇ ತಾನಾಗಿ ನೇರವಾಗುತ್ತದೆ. ಟ್ರಾಲಿಯನ್ನು ಹಿಂದಕ್ಕೆ ಎಳೆಯಿರಿ, ಚಕ್ರ ಗರಕ್ಕನೆ ಅರ್ಧ ಸುತ್ತು ತಿರುಗಿ ಮತ್ತೆ ಹಿಂಬದಿಗೆ ಬಂದು ನಿಲ್ಲುತ್ತದೆ.

ಕಾರಿನಲ್ಲೂ ಇದೇ ಕೆಲಸ ನಡೆಯುತ್ತದೆ, ದಾರಿ ಬೇರೆ. ಅಲ್ಲಿ ಚಕ್ರವನ್ನು ಹಿಂದೆ ಸರಿಸುವ ಬದಲು ತಿರುಗುವ ಅಕ್ಷವನ್ನೇ ಮೇಲ್ಗಡೆ ಸ್ವಲ್ಪ ಹಿಂದಕ್ಕೆ ವಾಲಿಸಿರುತ್ತಾರೆ. ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ವಾಲಿಕೆಯ ಕೋನಕ್ಕೆ ಕ್ಯಾಸ್ಟರ್ ಅಂತ ಹೆಸರು. ಟೈರಿನ ತ್ರಿಜ್ಯ 300 ಮಿ.ಮೀ, ಕ್ಯಾಸ್ಟರ್ 4 ಡಿಗ್ರಿ ಅಂದುಕೊಳ್ಳಿ. ಟೈರ್ ಅಕ್ಷದ ಗೆರೆಗಿಂತ ಸುಮಾರು 21 ಮಿ.ಮೀ ಹಿಂದೆ ನೆಲ ಮುಟ್ಟುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದಲ್ಲ, ಅದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು. ರಿವರ್ಸ್ ಹೋಗುವಾಗ ಸ್ಟೀರಿಂಗ್ ಹಾಗೆ ನೇರಕ್ಕೆ ಬರುವುದಿಲ್ಲ, ತಿರುಗಿದ ಕಡೆಗೇ ಇನ್ನಷ್ಟು ತಿರುಗಲು ನೋಡುತ್ತದೆ. ಟ್ರಾಲಿಯ ಚಕ್ರ ಅರ್ಧ ಸುತ್ತು ಹೊಡೆಯುವುದೂ ಇದೇ ಕಾರಣಕ್ಕೆ.

ಟ್ರಾಲಿಯ ರೋಗಗಳು

ತಳ್ಳುವಾಗ ಮುಂದಿನ ಚಕ್ರ ಪಟಪಟ ಅಂತ ಎಡಬಲ ಒದ್ದಾಡುತ್ತಿದೆಯಾ? ಮೊದಲು ಚಕ್ರದ ಆಕ್ಸಲ್ ನೋಡಿ. ಪ್ಯಾಕಿಂಗ್ ದಾರ, ಪ್ಲಾಸ್ಟಿಕ್ ಪಟ್ಟಿ, ಲೇತ್‌ನಿಂದ ಬಿದ್ದ ಸುರುಳಿ ಚೂರು ಎಲ್ಲ ಸುತ್ತಿಕೊಂಡಿರುತ್ತವೆ. ಕೆಲವೊಮ್ಮೆ ಬೇರಿಂಗಿನ ಬಾಯಿ ಕಾಣದಷ್ಟು. ಚಿಮಟ ಹಾಕಿ ಎಳೆದು ತೆಗೆದರೆ ಅರ್ಧ ರೋಗ ಅಲ್ಲೇ ವಾಸಿ. ಆಮೇಲೆ ಟ್ರಾಲಿ ಎತ್ತಿ, ಚಕ್ರದ ಫೋರ್ಕ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕಟಕ ಆಡಿದರೆ ಮೇಲಿನ ಗುಂಡುಗಳ ಓಡುದಾರಿ ಸವೆದಿದೆ. ನಡುವೆ ಕಿಂಗ್‌ಪಿನ್ (ತಿರುಗುವ ನಡುಗೂಟ) ಮತ್ತು ಅದರ ನಟ್ ಇರುವ ಮಾದರಿಯಾದರೆ ನಟ್ ಬಿಗಿ ಮಾಡಿ ನೋಡಬಹುದು. ಕಿಂಗ್‌ಪಿನ್ ಇಲ್ಲದ ಹೆವಿ ಡ್ಯೂಟಿ ಮಾದರಿಯಲ್ಲಿ ಬಿಗಿ ಮಾಡಲು ಏನೂ ಇರುವುದಿಲ್ಲ, ಸವೆದರೆ ಬದಲಿಸುವುದೇ. ಆದರೆ ಪೆಟ್ಟು ತಿನ್ನುವ ಜಾಗಕ್ಕೆ ಅದೇ ಒಳ್ಳೆಯದು, ಯಾಕೆಂದರೆ ಮುರಿಯಲು ಅಲ್ಲಿ ಪಿನ್ನೇ ಇಲ್ಲ.

ಎಲ್ಲ ಸರಿಯಿದ್ದೂ ಒದ್ದಾಡಿದರೆ ವೇಗ ನೋಡಿ. ಇಂಥ ಚಕ್ರಗಳ ಭಾರದ ಲೆಕ್ಕ ಕೈಯಲ್ಲಿ ತಳ್ಳುವ ವೇಗಕ್ಕೆ, ಅಂದರೆ ಗಂಟೆಗೆ ಸುಮಾರು 4 ಕಿ.ಮೀ.ಗೆ ಹಾಕಿದ್ದು. ಅದನ್ನೇ ಎಳೆಯುವ ಗಾಡಿಗೆ ಕಟ್ಟಿ ಓಡಿಸಿದರೆ ಚಕ್ರ ಕುಣಿಯದೆ ಇನ್ನೇನು ಮಾಡೀತು?

ಟ್ರಾಲಿ ಒಂದೇ ಕಡೆಗೆ ಹೋಗುತ್ತಿದ್ದರೆ ಎಲ್ಲರೂ ಮುಂದಿನ ತಿರುಗುವ ಚಕ್ರವನ್ನು ಬೈಯುತ್ತಾರೆ. ಹಲವು ಸಲ ತಪ್ಪು ಹಿಂದಿನ ತಿರುಗದ ಚಕ್ರಗಳದು. ಮುಂದಿನವು ಹೇಳಿದ ಕಡೆ ಬರುತ್ತವೆ. ದಿಕ್ಕು ಹೇಳುವುದು ಹಿಂದಿನವು. ಅವೆರಡೂ ಸಮಾಂತರವಾಗಿವೆಯಾ ಅಂತ ಟೇಪ್ ಹಿಡಿದು ಅಳೆಯಿರಿ. ಚಕ್ರಗಳ ಮುಂದಿನ ಅಂಚುಗಳ ನಡುವೆ ಎಷ್ಟು ದೂರ, ಹಿಂದಿನ ಅಂಚುಗಳ ನಡುವೆ ಎಷ್ಟು ದೂರ. ಎರಡೂ ಒಂದೇ ಬಂದರೂ ಎರಡು ಚಕ್ರಗಳೂ ಒಟ್ಟಿಗೆ ಒಂದೇ ಕಡೆ ತಿರುಗಿರಬಹುದು, ಹಾಗಾಗಿ ಫ್ರೇಮಿನ ಉದ್ದಕ್ಕೆ ನೇರಪಟ್ಟಿ ಹಿಡಿದೂ ನೋಡಿ. ಪ್ಲೇಟಿನ ಬೋಲ್ಟ್ ತೂತುಗಳು ಸಾಮಾನ್ಯವಾಗಿ ಉದ್ದನೆಯ ಆಕಾರದಲ್ಲೇ ಇರುತ್ತವೆ. ಸಡಿಲಿಸಿ, ಸರಿಸಿ, ಬಿಗಿ ಮಾಡಿದರೆ ಆಯಿತು. ಕಾರಿನಲ್ಲಿ ಹಿಂದಿನ ಆಕ್ಸಲ್ ಓರೆಯಾದಾಗ ಆಗುವುದೂ ಇದೇ, ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಟ್ರಾಲಿಯನ್ನು ಮಟ್ಟವಾಗಿ ಎತ್ತಿ ನಿಲ್ಲಿಸಿ, ತಿರುಗುವ ಚಕ್ರವನ್ನು ಬೆರಳಲ್ಲಿ ಮೆಲ್ಲಗೆ ಸುತ್ತಿಸಿ ಬಿಡಿ. ಎಲ್ಲಿ ಬೇಕಾದರೂ ನಿಂತರೆ ಸರಿ. ಪ್ರತಿ ಸಲವೂ ಒಂದೇ ದಿಕ್ಕಿಗೆ ಬಂದು ನಿಂತರೆ ತಿರುಗುವ ಅಕ್ಷ ನೆಟ್ಟಗಿಲ್ಲ. ಪ್ಲೇಟ್ ಬಗ್ಗಿದೆ, ಇಲ್ಲವೇ ವೆಲ್ಡ್ ಮಾಡುವಾಗ ಫ್ರೇಮ್ ತಿರುಚಿದೆ. ಚಕ್ರ ತನ್ನ ಭಾರಕ್ಕೆ ಇಳಿಜಾರಿನ ಕಡೆ ಜಾರುತ್ತದೆ, ಅಷ್ಟೇ.

ಚಕ್ರ ಬೇಗ ಹಾಳಾಗುತ್ತಿದ್ದರೆ ಭಾರದ ಲೆಕ್ಕ ತೆಗೆಯಿರಿ. ಟ್ರಾಲಿ 150 ಕೆ.ಜಿ, ಸಾಮಾನು 750 ಕೆ.ಜಿ, ಒಟ್ಟು 900. ನಾಲ್ಕು ಚಕ್ರ ಅಂತ 4ರಿಂದ ಭಾಗಿಸಿ 225 ಕೆ.ಜಿ.ಯ ಚಕ್ರ ತರಬೇಡಿ. ನೆಲ ಎಂದೂ ಪೂರ್ತಿ ಸಮ ಇರುವುದಿಲ್ಲ, ಒಂದು ಚಕ್ರ ಹೆಚ್ಚುಕಮ್ಮಿ ಗಾಳಿಯಲ್ಲೇ ಇರುತ್ತದೆ. 3ರಿಂದ ಭಾಗಿಸಿ. 300 ಕೆ.ಜಿ ಬರುತ್ತದೆ, ಅದಕ್ಕಿಂತ ಕಡಿಮೆ ತರಬಾರದು. ಚಕ್ರದ ಮೈಯ ವಿಷಯ ಹೇಳಬೇಕೆಂದರೆ, ನೈಲಾನ್ ಹಗುರವಾಗಿ ಉರುಳುತ್ತದೆ, ಗಲಾಟೆ ಜಾಸ್ತಿ, ನೆಲ ಕೆರೆಯುತ್ತದೆ. ಪಾಲಿಯುರೆಥೇನ್ ಸದ್ದಿಲ್ಲದೆ ಹೋಗುತ್ತದೆ, ಆದರೆ ಭಾರ ಹೊತ್ತು ವಾರಗಟ್ಟಲೆ ಒಂದೇ ಕಡೆ ನಿಂತರೆ ಅಡಿಭಾಗ ಚಪ್ಪಟೆಯಾಗಿ ಮುಂದೆ ದಡಬಡ ಅನ್ನುತ್ತದೆ. ಬಿಸಿ ಇರುವ ಜಾಗಕ್ಕೆ ಬೀಡು ಕಬ್ಬಿಣವೇ ಸರಿ.

ಈಗ ಕಾರು: ದೂರು ಏನು ಅಂತ ಮೊದಲು ಗೊತ್ತುಮಾಡಿಕೊಳ್ಳಿ

"ಎಳೆಯುತ್ತಿದೆ" ಅನ್ನುವ ಒಂದೇ ಮಾತಿನಲ್ಲಿ ಜನ ಬೇರೆ ಬೇರೆ ರೋಗ ಹೇಳುತ್ತಾರೆ. ಸ್ಟೀರಿಂಗ್ ಕೈಯನ್ನು ಒಂದು ಕಡೆಗೆ ಜಗ್ಗುವುದು ಒಂದು. ಗಾಡಿ ನೇರವೇ ಹೋಗುತ್ತದೆ ಆದರೆ ಸ್ಟೀರಿಂಗ್ ಸೊಟ್ಟಗೆ ಕೂತಿರುತ್ತದೆ, ಅದು ಬೇರೆ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಲೆಯುವುದು ಮತ್ತೊಂದು. ಬ್ರೇಕ್ ಒತ್ತಿದಾಗ ಮಾತ್ರ ಸರಿಯುವುದು ಇನ್ನೊಂದು. 80ರಿಂದ 100 ಕಿ.ಮೀ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು) ವಿಷಯ, ಇಲ್ಲವೇ ರಿಮ್ ಬಗ್ಗಿದೆ. ಅದಕ್ಕೆ ಅಲೈನ್‌ಮೆಂಟ್ ಮದ್ದಲ್ಲ.

ರಸ್ತೆಯನ್ನೂ ಅನುಮಾನಿಸಬೇಕು. ಮಳೆನೀರು ಹರಿದುಹೋಗಲಿ ಅಂತ ರಸ್ತೆಯನ್ನು ನಡುವೆ ಎತ್ತರ ಮಾಡಿ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಎಡಗಡೆ ಓಡಿಸುವವರು, ಹಾಗಾಗಿ ಗಾಡಿ ಮೆಲ್ಲಗೆ ಎಡಕ್ಕೆ ಜಾರುವುದು ಸಹಜ. ಹೋಗುತ್ತಾ ಒಮ್ಮೆ ಬರುತ್ತಾ ಒಮ್ಮೆ ನೋಡಿದೆ, ಎರಡು ಸಲವೂ ಎಡಕ್ಕೇ ಎಳೆಯಿತು ಅಂತ ಕೆಲವರು ಹೇಳುತ್ತಾರೆ. ಹೌದು, ಬರುವಾಗಲೂ ನೀವು ಎಡಗಡೆಯೇ ಇದ್ದಿರಿ, ಇಳಿಜಾರೂ ಎಡಕ್ಕೇ ಇತ್ತು! ಹೋಗಿಬಂದು ನೋಡಿದರೆ ಬೀಸುಗಾಳಿಯ ಪ್ರಭಾವ ಗೊತ್ತಾಗುತ್ತದೆ, ರಸ್ತೆಯದ್ದಲ್ಲ. ಬೆಂಗಳೂರಲ್ಲಿ ಒನ್‌ವೇ ರಸ್ತೆಗಳಿಗೇನು ಕೊರತೆ? ಬೆಳಗ್ಗೆ ಬೇಗ, ಖಾಲಿ ಇರುವಾಗ, ನಡುವೆ ಉಬ್ಬಿರುವ ಒನ್‌ವೇಯ ಬಲ ಅರ್ಧದಲ್ಲಿ ಓಡಿಸಿ ನೋಡಿ. ಅಲ್ಲಿ ಇಳಿಜಾರು ಬಲಕ್ಕಿರುತ್ತದೆ. ಅಲ್ಲೂ ಗಾಡಿ ಎಡಕ್ಕೇ ಹೋದರೆ ರೋಗ ಗಾಡಿಯದ್ದು. ಸ್ಟೀರಿಂಗ್ ಪೂರ್ತಿ ಬಿಡಬೇಡಿ, ಬೆರಳು ತಾಗಿಸಿಕೊಂಡಿರಿ.

ಗಾಳಿ, ಟೈರ್, ಬ್ರೇಕ್

ಗಾಡಿ ಓಡದೆ ಟೈರ್ ತಣ್ಣಗಿರುವಾಗ ಗಾಳಿ ಚೆಕ್ ಮಾಡಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕರ್‌ನಲ್ಲಿದೆ. ಮುಂದಿನ ಎರಡು ಟೈರುಗಳ ನಡುವೆ ನಾಲ್ಕೈದು ಪಿಎಸ್‌ಐ ವ್ಯತ್ಯಾಸ ಇದ್ದರೂ ಗಾಡಿ ಕಡಿಮೆ ಗಾಳಿ ಇರುವ ಕಡೆಗೆ ಎಳೆಯಬಹುದು. ಒಂದು ಕಡೆ ಹೊಸ ಟೈರ್, ಇನ್ನೊಂದು ಕಡೆ ಸವೆದದ್ದು, ಅದೂ ಬೇರೆ ಕಂಪನಿಯದ್ದು ಇದ್ದರೆ ಮೊದಲು ಅದನ್ನು ಜೋಡಿ ಮಾಡಿ.

ಮುಂದಿನ ಪರೀಕ್ಷೆಗೆ ಖರ್ಚಿಲ್ಲ, ಆದರೂ ಹೆಚ್ಚಿನ ಅಂಗಡಿಗಳಲ್ಲಿ ಮಾಡುವುದಿಲ್ಲ. ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿ ಓಡಿಸಿ. ಎಡಕ್ಕೆ ಎಳೆಯುತ್ತಿದ್ದ ಗಾಡಿ ಈಗ ಬಲಕ್ಕೆ ಎಳೆದರೆ ತೀರ್ಪು ಆಯಿತು: ರೋಗ ಟೈರಿನದು. ರೇಡಿಯಲ್ ಟೈರಿನ ಒಳಗಿನ ಪಟ್ಟಿಗಳು ಒಂದು ಕೂದಲೆಳೆ ಪಕ್ಕಕ್ಕೆ ಕೂತರೆ ಟೈರ್ ಉರುಳೆಯಂತಿರದೆ ಸಣ್ಣದಾಗಿ ಶಂಕುವಿನ ಆಕಾರ ಪಡೆಯುತ್ತದೆ. ಶಂಕು ಉರುಳಿದರೆ ನೇರ ಹೋಗುತ್ತದೆಯೇ? ಹೊಸ ಟೈರಿನಲ್ಲೂ ಹೀಗಾಗಬಹುದು. ಕಣ್ಣಿಗೆ ಕಾಣುವುದಿಲ್ಲ, ಅಲೈನ್‌ಮೆಂಟ್ ಮೆಷಿನ್ನಿಗೂ ಕಾಣುವುದಿಲ್ಲ. ಮೆಷಿನ್ ಅಳೆಯುವುದು ರಿಮ್ಮನ್ನು, ಟೈರನ್ನಲ್ಲ. ಟೈರಿನ ಪಕ್ಕದಲ್ಲಿ ಉರುಳುವ ದಿಕ್ಕಿನ ಬಾಣದ ಗುರುತು ಇದ್ದರೆ ಮಾತ್ರ ಎಡಬಲ ಬದಲಿಸಬೇಡಿ. ಆಗ ಅದೇ ಬದಿಯ ಹಿಂದಿನದ್ದನ್ನು ಮುಂದಕ್ಕೆ ಹಾಕಿ ನೋಡಿ.

ಅದಲುಬದಲು ಮಾಡಿದರೂ ಎಡಕ್ಕೇ ಎಳೆದರೆ ಬ್ರೇಕ್ ನೋಡಿ. ಹತ್ತು ಕಿ.ಮೀ ಓಡಿಸಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ರಿಮ್ ಹತ್ತಿರ ಕೈ ಒಡ್ಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಮಾತ್ರ ಧಗಧಗ ಅಂದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಜಾಕ್ ಹಾಕಿ ಆ ಚಕ್ರವನ್ನು ಕೈಯಲ್ಲಿ ತಿರುಗಿಸಿ ಪಕ್ಕದ ಚಕ್ರದೊಂದಿಗೆ ಹೋಲಿಸಿದರೆ ಖಾತ್ರಿಯಾಗುತ್ತದೆ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ಒಣಗಿ ಜಾಮ್ ಆಗಿರುವುದೇ ಹೆಚ್ಚು.

ಆಟ ಎಲ್ಲಿದೆ?

ಆಟ ಅಂದರೆ ಜೋಡಣೆಗಳ ಸಡಿಲ. ಸಡಿಲ ಇರುವ ಗಾಡಿಯನ್ನು ಅಲೈನ್‌ಮೆಂಟ್ ಮಾಡುವುದು ಸುಮ್ನೆ. ಮೆಷಿನ್ ಮೇಲೆ ನಿಂತಾಗ ಒಂದು ಅಳತೆ, ರಸ್ತೆಯಲ್ಲಿ ಓಡುವಾಗ ಬೇರೆ ಅಳತೆ. ಮುಂಭಾಗ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಟೈರನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಟೈ ರಾಡ್ ಎಂಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿ) ಅಥವಾ ಸ್ಟೀರಿಂಗ್ ರ‍್ಯಾಕಿನ ಒಳಗಿನ ಜಾಯಿಂಟ್. 12 ಮತ್ತು 6ರಲ್ಲಿ ಆಟ ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತುಹೋದರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್.

ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ಲೋಯರ್ ಆರ್ಮ್‌ನ ಹಿಂದಿನ ಬುಷ್ ನಮ್ಮ ಗುಂಡಿ ಹಂಪುಗಳಿಗೆ ಮೊದಲು ಬಲಿಯಾಗುವ ಸಾಮಾನು. ಟಾರ್ಚ್ ಬಿಟ್ಟು ನೋಡಿದರೆ ರಬ್ಬರ್ ಹರಿದು ಬಾಯಿ ಬಿಟ್ಟಿರುತ್ತದೆ. ಬ್ರೇಕ್ ಒತ್ತಿದಾಗ ಒಂದು ಕಡೆಗೆ, ಆಕ್ಸಿಲರೇಟರ್ ಒತ್ತಿದಾಗ ಇನ್ನೊಂದು ಕಡೆಗೆ ಸರಿಯುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಆರ್ಮ್ ಹಿಂದೆ ಮುಂದೆ ಜಗ್ಗಿದಂತೆಲ್ಲ ಕ್ಯಾಸ್ಟರ್ ಮತ್ತು ಟೋ (ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವ ಕೋನ) ಎರಡೂ ಬದಲಾಗುತ್ತವೆ.

ಇನ್ನು ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟ್ ಬೇರಿಂಗ್. ಬಾನೆಟ್ ತೆರೆದು, ಒಬ್ಬರು ಇಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ನಿಧಾನ ತಿರುಗಿಸಲಿ. ನೀವು ಚಕ್ರದ ಕಮಾನಿನ ಒಳಗೆ ಸ್ಪ್ರಿಂಗ್ ಮೇಲೆ ಎರಡು ಬೆರಳು ಇಟ್ಟಿರಿ, ಸುರುಳಿಗಳ ನಡುವೆ ಮಾತ್ರ ತೂರಿಸಬೇಡಿ. ಬೇರಿಂಗ್ ಚೆನ್ನಾಗಿದ್ದರೆ ಸ್ಪ್ರಿಂಗ್ ನಯವಾಗಿ ಜೊತೆಯಲ್ಲೇ ತಿರುಗುತ್ತದೆ. ಕೆಟ್ಟಿದ್ದರೆ ಹಿಡಿದುಕೊಂಡು, ತಿರುಚಿಕೊಂಡು, ಕೊನೆಗೆ "ಟಂಗ್" ಅಂತ ಬಿಡುತ್ತದೆ, ಬೆರಳಿಗೆ ಏಟು ಬಿದ್ದಂತೆ ಗೊತ್ತಾಗುತ್ತದೆ. ಇಂಥ ಗಾಡಿಯ ಲಕ್ಷಣ ವಿಚಿತ್ರ. ಎಡಕ್ಕೆ ತಿರುಗಿಸಿ ಬಂದರೆ ಎಡಕ್ಕೆ ಎಳೆಯುತ್ತದೆ, ಬಲಕ್ಕೆ ತಿರುಗಿಸಿ ಬಂದರೆ ಬಲಕ್ಕೆ. ಕೊನೆಯ ತಿರುವು ಅದಕ್ಕೆ ನೆನಪಿರುತ್ತದೆ. ಮೆಷಿನ್‌ನಲ್ಲಿ ಎಲ್ಲ ಅಳತೆಯೂ ಹಸಿರು ತೋರಿಸುತ್ತದೆ, ಗಾಡಿ ಮಾತ್ರ ಎಳೆಯುತ್ತಲೇ ಇರುತ್ತದೆ.

ಗುಂಡಿಗೆ ಜೋರಾಗಿ ಬಿದ್ದ ಗಾಡಿಯಾದರೆ ಟೇಪ್ ತೆಗೆದುಕೊಳ್ಳಿ. ಸ್ಟೀರಿಂಗ್ ನೇರ ಇಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಗಡೆ ಎಷ್ಟು, ಬಲಗಡೆ ಎಷ್ಟು ಅಳೆಯಿರಿ. ಒಂದು ಕಡೆ ಸೆಂಟಿಮೀಟರ್‌ನಷ್ಟು ಕಡಿಮೆ ಬಂದರೆ ಆ ಕಡೆಯ ಮುಂದಿನ ಚಕ್ರ ಹಿಂದಕ್ಕೆ ಸರಿದಿದೆ, ಅಂದರೆ ಅಲ್ಲಿ ಲೋಯರ್ ಆರ್ಮ್ ಬಗ್ಗಿದೆ, ಕ್ಯಾಸ್ಟರ್ ಕಡಿಮೆಯಾಗಿದೆ.

ಮೆಷಿನ್ ಮೇಲೆ ಹತ್ತಿಸಿದ ಮೇಲೆ

ಮೂರು ಕೋನ ತಿಳಿದಿದ್ದರೆ ಸಾಕು. ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಗೆ ತಿರುಗಿದ್ದರೆ ಟೋ-ಇನ್, ಹೊರಗೆ ತಿರುಗಿದ್ದರೆ ಟೋ-ಔಟ್. ಮುಂದಿನಿಂದ ನೋಡಿದಾಗ ಚಕ್ರದ ತಲೆ ಹೊರಗೆ ವಾಲಿದ್ದರೆ ಕ್ಯಾಂಬರ್ ಪಾಸಿಟಿವ್, ಒಳಗೆ ವಾಲಿದ್ದರೆ ನೆಗೆಟಿವ್. ಕ್ಯಾಸ್ಟರ್ ಆಗಲೇ ನೋಡಿದೆವು.

ಗಾಡಿ ಎಳೆಯುವುದಕ್ಕೂ ಇವುಗಳಿಗೂ ಇರುವ ಸಂಬಂಧ ಹೀಗಿದೆ. ಎಡಬಲ ಕ್ಯಾಸ್ಟರ್ ಬೇರೆ ಬೇರೆ ಇದ್ದರೆ ಗಾಡಿ ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ ಎಳೆಯುತ್ತದೆ. ಕ್ಯಾಂಬರ್ ಬೇರೆ ಬೇರೆ ಇದ್ದರೆ ಹೆಚ್ಚು ಪಾಸಿಟಿವ್ ಇರುವ ಕಡೆಗೆ. ಎರಡರಲ್ಲೂ ಎಡಬಲ ವ್ಯತ್ಯಾಸ ಅರ್ಧ ಡಿಗ್ರಿ ದಾಟಬಾರದು ಅನ್ನುವುದು ಮೆಕ್ಯಾನಿಕ್‌ಗಳ ಸಾಮಾನ್ಯ ಲೆಕ್ಕ. ಮೆಷಿನ್ ಕೊಡುವ ಪ್ರಿಂಟಿನಲ್ಲಿ ಎಡ ಕ್ಯಾಸ್ಟರ್ 2.4, ಬಲ 3.6 ಅಂತಿದ್ದರೆ ಗಾಡಿ ಎಡಕ್ಕೆ ಎಳೆಯುವುದರಲ್ಲಿ ಆಶ್ಚರ್ಯವಿಲ್ಲ. ಎಡ ಕ್ಯಾಂಬರ್ ಮೈನಸ್ 0.2, ಬಲ ಮೈನಸ್ 1.1 ಇದ್ದರೂ ಎಡಕ್ಕೇ. ಮುಂದಿನ ಟೋ ತಪ್ಪಿದ್ದರೆ ಗಾಡಿ ಸಾಮಾನ್ಯವಾಗಿ ಎಳೆಯುವುದಿಲ್ಲ. ಓಡುವಾಗ ಎರಡೂ ಚಕ್ರ ತಪ್ಪನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಗಾಡಿ ಅಲೆಯಬಹುದು, ಸ್ಟೀರಿಂಗ್ ಸೊಟ್ಟ ಕೂರಬಹುದು, ಟೈರಂತೂ ಖಂಡಿತ ಸವೆಯುತ್ತದೆ.

ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ). ಇವುಗಳಲ್ಲಿ ತಿರುಪು ಹಾಕಿ ತಿದ್ದಲು ಸಾಧ್ಯವಿರುವುದು ಸಾಮಾನ್ಯವಾಗಿ ಮುಂದಿನ ಟೋ ಒಂದೇ. ಕ್ಯಾಸ್ಟರ್ ತಿದ್ದಲು ಬೋಲ್ಟೇ ಇರುವುದಿಲ್ಲ. ಈಗ ಮೇಲಿನ ದೂರನ್ನು ಮತ್ತೆ ನೋಡಿ: ಎಳೆತಕ್ಕೆ ಕಾರಣ ಕ್ಯಾಸ್ಟರ್ ಅಥವಾ ಕ್ಯಾಂಬರ್, ಅಂಗಡಿಯಲ್ಲಿ ತಿದ್ದಿದ್ದು ಟೋ. ಎಳೆತ ಹೋಗುವುದಾದರೂ ಹೇಗೆ? ಕ್ಯಾಂಬರ್ ಸರಿ ಮಾಡುತ್ತೇವೆ ಅಂತ ಹೈಡ್ರಾಲಿಕ್ ಜಾಕ್ ಕೊಟ್ಟು ಸ್ಟ್ರಟ್ ಬಗ್ಗಿಸುವವರೂ ಇದ್ದಾರೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಎಲ್ಲೋ ಒಂದು ಭಾಗ ಬಗ್ಗಿದೆ ಅಂತ ಚೆನ್ನಾಗಿರುವ ಇನ್ನೊಂದನ್ನು ಬಗ್ಗಿಸಿ ಲೆಕ್ಕ ಸರಿದೂಗಿಸುವುದು ರಿಪೇರಿ ಅಲ್ಲ. ಬಗ್ಗಿದ್ದನ್ನು ಹುಡುಕಿ ಬದಲಿಸಬೇಕು. ಸ್ಟ್ರಟ್ ಬೋಲ್ಟ್ ಸಡಿಲಿಸಿ ತೂತಿನಲ್ಲಿ ಇರುವ ಅಲ್ಪ ಜಾಗದಲ್ಲಿ ಸರಿಸಿ ಬಿಗಿ ಮಾಡುವುದು ಬೇರೆ ವಿಷಯ, ಅದಕ್ಕೆ ತಕರಾರಿಲ್ಲ.

ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ನೋಡಿ. ಕ್ಲ್ಯಾಂಪ್ ಹಾಕಿದ ಮೇಲೆ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸುತ್ತಾರಾ? ರಿಮ್ಮಿನ ಸೊಟ್ಟ ಲೆಕ್ಕದಿಂದ ಹೋಗಲಿ ಅಂತ ಅದು. ಆಮೇಲೆ ಸ್ಟೀರಿಂಗನ್ನು ಎಡಕ್ಕೆ, ಬಲಕ್ಕೆ ತಿರುಗಿಸುತ್ತಾರಾ? ಕ್ಯಾಸ್ಟರ್ ಅಳೆಯಬೇಕೆಂದರೆ ಚಕ್ರವನ್ನು ಎರಡೂ ಕಡೆ ತಿರುಗಿಸಲೇಬೇಕು, ಯಾಕೆಂದರೆ ತಿರುಗುವಾಗ ಕ್ಯಾಂಬರ್ ಎಷ್ಟು ಬದಲಾಗುತ್ತದೆ ಅನ್ನುವುದರಿಂದಲೇ ಮೆಷಿನ್ ಕ್ಯಾಸ್ಟರ್ ಲೆಕ್ಕ ಹಾಕುವುದು. ತಿರುಗಿಸದೇ ಇದ್ದರೆ ಕ್ಯಾಸ್ಟರ್ ಅಳೆದಿಲ್ಲ ಅಂತಲೇ ಅರ್ಥ. "ಅಣ್ಣಾ, ಕ್ಯಾಸ್ಟರ್‌ಗೆ ಸ್ವಿಂಗ್ ಮಾಡಿದ್ರಾ?" ಅಂತ ಒಂದು ಮಾತು ಕೇಳಿ. ಕೇಳಿದ ಮೇಲೆ ಕೆಲಸದ ವೈಖರಿಯೇ ಬದಲಾಗುವುದನ್ನು ನೋಡಿದ್ದೇನೆ. ಹೊರಡುವಾಗ ಮೊದಲಿನ ಅಳತೆ, ಆಮೇಲಿನ ಅಳತೆ ಎರಡೂ ಇರುವ ಪ್ರಿಂಟ್ ತೆಗೆದುಕೊಳ್ಳಿ. ರೋಗ ಗೊತ್ತಾಗುವುದು ಮೊದಲಿನ ಅಳತೆಯಿಂದ.

ಸ್ಟೀರಿಂಗ್ ಸೊಟ್ಟ, ಗಾಡಿ ನೇರ

ಇದು ಹೆಚ್ಚಾಗಿ ಟೈ ರಾಡ್ ಹೊಂದಿಸುವಾಗ ಸ್ಟೀರಿಂಗನ್ನು ನೇರಕ್ಕೆ ಲಾಕ್ ಮಾಡದೆ ಬಿಟ್ಟಿದ್ದರಿಂದ ಆಗುತ್ತದೆ. ಒಂದು ಕಡೆಯ ರಾಡನ್ನು ಬಿಚ್ಚಿದಷ್ಟೇ ಇನ್ನೊಂದನ್ನು ಬಿಗಿ ಮಾಡಿದರೆ ಸರಿಹೋಗುತ್ತದೆ. ಸ್ಟೀರಿಂಗ್ ಚಕ್ರವನ್ನೇ ಕಳಚಿ ಒಂದು ಹಲ್ಲು ಆಚೀಚೆ ಕೂರಿಸುವ ಉಪಾಯಕ್ಕೆ ಒಪ್ಪಬೇಡಿ. ಅಲ್ಲಿ ಏರ್‌ಬ್ಯಾಗ್ ಇದೆ, ಮೇಲಾಗಿ ರ‍್ಯಾಕ್ ನಡುವಿನಲ್ಲಿ ಉಳಿಯುವುದಿಲ್ಲ.

ಇನ್ನೊಂದು ಕಾರಣ ಹಿಂದಿನ ಆಕ್ಸಲ್. ಟ್ರಾಲಿಯ ತಿರುಗದ ಚಕ್ರಗಳ ಕಥೆ ನೋಡಿದೆವಲ್ಲ, ಅದೇ. ಬೀಮ್ ಓರೆಯಾದರೆ ಹಿಂಭಾಗ ಗಾಡಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ, ನೇರ ಹೋಗಲು ನೀವು ಸ್ಟೀರಿಂಗನ್ನು ಸದಾ ಸ್ವಲ್ಪ ತಿರುಗಿಸಿ ಹಿಡಿಯಬೇಕಾಗುತ್ತದೆ. ಒದ್ದೆ ರಸ್ತೆ ದಾಟಿ ಒಣ ರಸ್ತೆಗೆ ನೇರ ಬಂದಾಗ ಹಿಂದಿನ ಟೈರ್ ಗುರುತು ಮುಂದಿನದರ ಮೇಲೆ ಎರಡೂ ಬದಿಯಲ್ಲಿ ಒಂದೇ ರೀತಿ ಕೂತಿದೆಯಾ ನೋಡಿ. ಒಂದು ಬದಿ ಒಳಗೆ, ಇನ್ನೊಂದು ಬದಿ ಹೊರಗೆ ಸರಿದಿದ್ದರೆ ಬರೀ ಮುಂದಿನ ಎರಡು ಚಕ್ರ ಅಳೆಯುವ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ.

ಟೈರ್ ಮೇಲೆ ಅಂಗೈ ಸವರಿ

ಟೋ ತಪ್ಪಿದರೆ ಟೈರ್ ಎಷ್ಟು ಉಜ್ಜುತ್ತದೆ ಅಂತ ಲೆಕ್ಕ ಹಾಕೋಣ. 14 ಇಂಚಿನ ರಿಮ್ ಅಂದರೆ ಸುಮಾರು 355 ಮಿ.ಮೀ. ರಿಮ್ಮಿನ ಮುಂದೆ ಹಿಂದೆ ಅಳೆದಾಗ ಒಟ್ಟು ಟೋ 6 ಮಿ.ಮೀ ಹೆಚ್ಚಿದೆ ಅನ್ನಿ, ಒಂದೊಂದು ಚಕ್ರಕ್ಕೆ 3. ಆಗ ಪ್ರತಿ ಕಿಲೋಮೀಟರಿಗೆ ಒಂದೊಂದು ಟೈರ್ ಸುಮಾರು 8.5 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದಂತೆ. 5,000 ಕಿ.ಮೀ ಓಡಿದರೆ 42 ಕಿ.ಮೀ ಅಡ್ಡ ಉಜ್ಜಾಟ! ಹೊಸ ಟೈರ್ ಕೆಲವೇ ತಿಂಗಳಲ್ಲಿ ಬೋಳಾಗುವುದು ಹೀಗೆ.

ಗಾಡಿ ನಿಲ್ಲಿಸಿ, ಟೈರಿನ ಮೈ ಮೇಲೆ ಅಂಗೈ ಅಡ್ಡಕ್ಕೆ ಸವರಿ. ಹೊರಗಿನಿಂದ ಒಳಕ್ಕೆ ನಯವಾಗಿ ಹೋಗಿ, ಒಳಗಿನಿಂದ ಹೊರಕ್ಕೆ ಬರುವಾಗ ಗರಗಸದಂತೆ ಚುಚ್ಚಿದರೆ ಟೋ-ಇನ್ ಜಾಸ್ತಿ. ಉಲ್ಟಾ ಇದ್ದರೆ ಟೋ-ಔಟ್. ಗರಗಸ ಇಲ್ಲದೆ ಒಂದು ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಬಟ್ಟಲಿನಂತೆ ಹಳ್ಳ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಿ. ಕ್ಯಾಸ್ಟರ್ ತಪ್ಪಿದರೆ ಟೈರ್ ಅಷ್ಟಾಗಿ ಸವೆಯುವುದಿಲ್ಲ, ಅದಕ್ಕೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಳ ಅಂಚು ಹೊರಗಿನಿಂದ ಕಾಣಿಸುವುದಿಲ್ಲ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನೋಡಿ. ಹೊರಗಡೆ ಹೊಸದರಂತೆ ಇದ್ದು ಒಳಗಡೆ ತಂತಿ ಕಾಣುತ್ತಿರುವ ಟೈರುಗಳು ಬೇಕಾದಷ್ಟು ಓಡಾಡುತ್ತಿವೆ. ಕಚ್ಚಿನೊಳಗಿನ 1.6 ಮಿ.ಮೀ ಎತ್ತರದ ಗುರುತಿಗೆ ಟೈರ್ ಸಮವಾಗಿದ್ದರೆ ಅದರ ಆಯಸ್ಸು ಮುಗಿಯಿತು.

ಇಎಸ್‌ಸಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಹೊಸ ಗಾಡಿಗಳಲ್ಲಿ ಅಲೈನ್‌ಮೆಂಟ್ ಆದ ಮೇಲೆ ಸ್ಟೀರಿಂಗ್ ಆಂಗಲ್ ಸೆನ್ಸರ್ ಸೊನ್ನೆಗೆ ತರಬೇಕಾಗಬಹುದು. ಮೀಟರ್ ಬೋರ್ಡಿನಲ್ಲಿ ದೀಪ ಹೊತ್ತಿದ್ದರೆ ಹಾಗೇ ಬಿಟ್ಟು ಬರಬೇಡಿ.

ಲಾರಿ, ಮಿನಿ ಟ್ರಕ್ಕು

ಮುಂದೆ ಇಡೀ ಆಕ್ಸಲ್ ಮತ್ತು ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇರುವ ಗಾಡಿಯಲ್ಲಿ ಟ್ರಾಲಿಯ ಒದ್ದಾಟ ದೊಡ್ಡ ರೂಪದಲ್ಲಿ ಕಾಣುತ್ತದೆ. ಒಂದು ಗುಂಡಿ ದಾಟಿದ ತಕ್ಷಣ ಮುಂದಿನ ಚಕ್ರಗಳು ಎಡಬಲ ಕುಣಿದು, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಆಗುತ್ತದೆ. ಕಿಂಗ್‌ಪಿನ್ ಬುಷ್ ಸವೆತ ಮೊದಲ ಅನುಮಾನ. ಜಾಕ್ ಹಾಕಿ 12 ಮತ್ತು 6ರಲ್ಲಿ ಸಬ್ಬಲ್ ಕೊಟ್ಟು ನೋಡಿ. ಗ್ರೀಸ್ ಗನ್ ಹಿಡಿದು ಎಷ್ಟು ಕಾಲವಾಯಿತು ಅಂತ ಡ್ರೈವರಣ್ಣನನ್ನು ಕೇಳಿ. ಟೈ ರಾಡ್, ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಸರಳು), ಸ್ಟೀರಿಂಗ್ ಬಾಕ್ಸಿನ ಬೋಲ್ಟುಗಳನ್ನೂ ಬಿಡಬೇಡಿ.

ಇಂಥ ಆಕ್ಸಲ್‌ನಲ್ಲಿ ಕ್ಯಾಸ್ಟರ್ ತಿದ್ದುವುದು ಬೆಣೆಯಿಂದ. ಪಟ್ಟಿಗೂ ಆಕ್ಸಲ್‌ಗೂ ನಡುವೆ ಓರೆಯ ಲೋಹದ ಬೆಣೆ ಇಟ್ಟರೆ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ವಾಲುತ್ತದೆ. ಪಟ್ಟಿ ಬದಲಿಸುವಾಗ ಒಂದು ಕಡೆಯ ಬೆಣೆ ಬಿಟ್ಟುಹೋಗಿರುವುದು, ಇಲ್ಲವೇ ಉಲ್ಟಾ ಕೂತಿರುವುದು ಅಪರೂಪವೇನಲ್ಲ. ದಪ್ಪ ತುದಿ ಎರಡೂ ಕಡೆ ಒಂದೇ ದಿಕ್ಕಿಗೆ ಇದೆಯಾ ನೋಡಿ. ಹಿಂದೆ ಮಿತಿಮೀರಿ ಲೋಡ್ ಹಾಕಿದರೂ ಹಿಂಭಾಗ ಕುಸಿದು ಮುಂಭಾಗ ಎದ್ದು ಕ್ಯಾಸ್ಟರ್ ಹೆಚ್ಚುತ್ತದೆ. ಖಾಲಿ ಗಾಡಿಯಲ್ಲಿ ಇಲ್ಲದ ಕುಣಿತ ಲೋಡಿನಲ್ಲಿ ಬಂದರೆ ಇದೂ ಒಂದು ಕಾರಣ.

ಲಾರಿ ಓರೆಯಾಗಿ ಹೋಗುತ್ತಿದೆ, ಹಿಂದೆ ಬರುವವರಿಗೆ ಅದರ ಒಂದು ಪಕ್ಕ ಪೂರ್ತಿ ಕಾಣುತ್ತಿದೆ ಅಂದರೆ ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾಗಿ ಹಿಂದಿನ ಆಕ್ಸಲ್ ಒಂದು ಕಡೆ ಜರುಗಿರುತ್ತದೆ. ಎರಡೂ ಬದಿಯಲ್ಲಿ ಪಟ್ಟಿಯ ಮುಂದಿನ ಕಣ್ಣಿನಿಂದ ಆಕ್ಸಲ್‌ವರೆಗೆ ಅಳೆದರೆ ವ್ಯತ್ಯಾಸ ಸಿಗುತ್ತದೆ. ಬೋಲ್ಟ್ ಬದಲಿಸಿ ಆಕ್ಸಲ್ ಸ್ವಸ್ಥಾನಕ್ಕೆ ತಂದ ಮೇಲೆ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಬಿಗಿ ಮಾಡಿ, ಲೋಡ್ ಹಾಕಿ ಒಂದು ಟ್ರಿಪ್ ಓಡಿಸಿ ಮತ್ತೊಮ್ಮೆ ಬಿಗಿ ಮಾಡಬೇಕು. ಸೆಂಟರ್ ಬೋಲ್ಟ್ ಮೊದಲ ಸಲ ತುಂಡಾಗಿದ್ದೂ ಬಹುಪಾಲು ಆ ಯು-ಬೋಲ್ಟ್ ಸಡಿಲ ಇದ್ದದ್ದಕ್ಕೇ.